ಗೂಡಲ್ಲಿಟ್ಟ ಲೋಟ

ಒಂದು ಲೋಟ ಕಾಫಿ ಬೇಡ ಅಂದಿದ್ದು ಇಷ್ಟು ದಿನ ಕಾಡುತ್ತದೆ ಅಂತ ಗೊತ್ತಿದ್ದರೆ, ಹೊಟ್ಟೆ ಉರಿದರೂ ಉರಿಯಲಿ ಅಂತ ಕುಡಿದುಬಿಡುತ್ತಿದ್ದೆ.

ಮಂಡ್ಯ ತಾಲೂಕಿನ ಒಂದು ಊರು. ಹೆಸರು ಬೇಡ. ವಿ.ಸಿ. ನಾಲೆ ದಾಟಿ, ಆಲೆಮನೆ ದಾಟಿ, ಕಬ್ಬಿನ ಗದ್ದೆಗಳ ನಡುವೆ ಹೋಗುವ ರಸ್ತೆ. ನಾನು ಮಾಡುವುದು ಸಂಶೋಧನೆ ಅಂತ ಆರ್ಡರ್ ಕಾಪಿಯಲ್ಲಿದೆ. ಬಿಡಿಸಿ ಹೇಳಿದರೆ, ಎಚ್‌ಐವಿ ಇರುವವರನ್ನು ಜನ ಹೇಗೆ ನಡೆಸಿಕೊಳ್ಳುತ್ತಾರೆ ಅಂತ ಕೇಳುವುದು, ಬರೆದುಕೊಳ್ಳುವುದು, ಆ ನಡೆಸಿಕೊಳ್ಳುವಿಕೆ ಸ್ವಲ್ಪವಾದರೂ ಬದಲಾಗಲು ಏನು ಮಾಡಬಹುದು ಅಂತ ಯೋಚಿಸುವುದು. ಮೈಸೂರಿನ ಮನೆಯಿಂದ ಬೆಳಗ್ಗೆ ಹೊರಟರೆ ಸಂಜೆ ವಾಪಸ್. ಅವತ್ತು ಬೆಳಗ್ಗೆಯಿಂದ ಮೂರು ಕಾಫಿ ಆಗಿತ್ತು. ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ಒಂದು, ಆರೋಗ್ಯ ಕೇಂದ್ರದಲ್ಲಿ ಒಂದು, ಪಂಚಾಯ್ತಿ ಆಫೀಸಲ್ಲಿ ಬಲವಂತಕ್ಕೆ ಒಂದು. ನನಗೆ ಮೊದಲೇ ಗ್ಯಾಸ್ಟ್ರಿಕ್. ಹನ್ನೆರಡೂವರೆ ಹೊತ್ತಿಗೆ ಎದೆಯಲ್ಲಿ ಹುಳಿ ಹತ್ತಿ ಕೂತಿತ್ತು.

ಎಚ್‌ಐವಿ ಇರುವ ಒಬ್ಬ ಅಕ್ಕನ ಮನೆಗೆ ಹೋದಾಗ ಒಂದು ಗಂಟೆ ಇರಬೇಕು. ಸಾಮಾನ್ಯವಾಗಿ ಇಂಥ ಮಾತುಕತೆ ಅವರ ಮನೆಯಲ್ಲಿ ನಡೆಸುವುದಿಲ್ಲ. ಎಲ್ಲಿ ಕೂತು ಮಾತಾಡೋಣ ಅಂತ ಅವರೇ ಹೇಳಬೇಕು. ಹೆಚ್ಚಿನವರು ಆಸ್ಪತ್ರೆ ಅಂತಾರೆ. ಈ ಅಕ್ಕ ಮಾತ್ರ, ‘ಅತ್ತೆ ಮದ್ದೂರಿಗೆ ಹೋಗವ್ರೆ, ಮನೇಲೇ ಬನ್ನಿ’ ಅಂದಿದ್ದರು. ಸ್ಕೂಟರನ್ನು ಊರ ಮುಂದಿನ ಅರಳಿ ಕಟ್ಟೆ ಹತ್ತಿರ ನಿಲ್ಲಿಸಿ ನಡೆದು ಹೋದೆ. ಅದು ಅವರೇ ಹೇಳಿದ ಷರತ್ತು. ಮುಕ್ಕಾಲು ಗಂಟೆ ಮಾತಾಡಿದೆವು. ಮಾತು ಮುಗಿದ ಮೇಲೆ ಒಳಗೆ ಹೋಗಿ ಕಾಫಿ ತಂದರು. ಸ್ಟೀಲ್ ಲೋಟ. ಮದುವೆಗೆ ಬಂದ ಪಾತ್ರೆ ಇರಬೇಕು, ಮೈಮೇಲೆ ಕೊಟ್ಟವರ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ನಾನು, ‘ಬೇಡ ಅಕ್ಕ, ಬೆಳಗ್ಗೆಯಿಂದ ಮೂರಾಯ್ತು’ ಅಂದೆ. ನಿಜವನ್ನೇ ಹೇಳಿದ್ದೆ. ಅವರು ಒಂದು ಗಳಿಗೆ ಲೋಟ ಹಿಡಿದುಕೊಂಡೇ ನಿಂತರು. ಆಮೇಲೆ ನಕ್ಕು, ‘ಬುಡಿ ಮೇಡಂ, ಅರ್ಥಾಯ್ತದೆ’ ಅಂದರು. ಲೋಟ ಒಳಗೆ ಹೋಯಿತು. ಬಚ್ಚಲಿಗೆ ಕಾಫಿ ಸುರಿದ ಸದ್ದು ಕೇಳಿಸಿತು. ನೀರು ಸುರಿದ ಹಾಗಲ್ಲ ಅದು, ಬಿಸಿ ಹಾಲು ಕಲ್ಲಿನ ಮೇಲೆ ಬಿದ್ದಾಗ ಒಂದು ಮೆತ್ತಗಿನ ಸದ್ದಾಗುತ್ತದೆ, ಅದು.

ತಕ್ಷಣ ಎದ್ದು ಹೋಗಿ, ‘ಅಕ್ಕ, ತಪ್ಪು ತಿಳ್ಕೋಬೇಡಿ, ಕೊಡಿ’ ಅನ್ನಬಹುದಿತ್ತು. ಅನ್ನಲಿಲ್ಲ. ಅಂದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತೇನೋ. ಬ್ಯಾಗ್ ಹಾಕಿಕೊಂಡು ಬಂದೆ. ಆ ದಿನದ ಹಾಳೆಯಲ್ಲಿ ಒಂದು ಪ್ರಶ್ನೆ ಇತ್ತು: ‘ಯಾರಾದರೂ ನಿಮ್ಮ ಕೈಯಿಂದ ಊಟ, ತಿಂಡಿ, ಕಾಫಿ ತೆಗೆದುಕೊಳ್ಳಲು ನಿರಾಕರಿಸಿದ್ದಾರೆಯೇ?’ ಅರ್ಧ ಗಂಟೆ ಮೊದಲು ಅದಕ್ಕೆ ಅವರು ‘ಇಲ್ಲ’ ಅಂದಿದ್ದರು. ನಾನೇ ಟಿಕ್ ಹಾಕಿದ್ದೆ.

ಸೊನ್ನೆ ಬಂದ ಹಾಳೆ

ಆ ಹಾಳೆಯನ್ನು ಮನೆಗೆ ಬಂದ ಮೇಲೆ ಮತ್ತೆ ತೆಗೆದು ನೋಡಿದೆ. ನಮ್ಮ ಲೈನಿನಲ್ಲಿ, ಜನ ದೂರ ಇಡುವ ಈ ನಡವಳಿಕೆಯನ್ನು ನಾಲ್ಕು ಭಾಗ ಮಾಡಿ ಅಳೆಯುವ ರೂಢಿ ಇದೆ. 2008ರಲ್ಲಿ ಭಾರತದಲ್ಲೇ, ಎಚ್‌ಐವಿ ಇರುವವರ ಜೊತೆ ಮಾತಾಡಿ ಮಾಡಿದ ಒಂದು ಅಧ್ಯಯನದಿಂದ ಬಂದದ್ದು. ಜನ ನಿಜವಾಗಿ ನಿಮಗೆ ಮಾಡಿದ್ದು ಒಂದು. ಬೇರೆಯವರಿಗೆ ಮಾಡಿದರು ಅಂತ ನೀವು ಕೇಳಿದ್ದು ಎರಡು. ಊರಿನವರ ಮನಸ್ಸಿನಲ್ಲಿ ಇಂಥದ್ದು ಇದೆ ಅಂತ ನೀವು ಅಂದುಕೊಂಡಿದ್ದು ಮೂರು. ಅದನ್ನೆಲ್ಲ ನೀವೇ ಒಪ್ಪಿಕೊಂಡು ನಿಮ್ಮ ಮೇಲೆ ಹೊತ್ತುಕೊಂಡದ್ದು ನಾಲ್ಕು. ನನಗೆ ಇದರಲ್ಲಿ ಎರಡನೆಯದು ಮೊದಲಿಂದ ಇಷ್ಟ. ಇಷ್ಟ ಅಂದರೆ ತಪ್ಪಾಗುತ್ತದೆ, ಸರಿ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕೇಳಿದ ಕತೆಯ ತೂಕ ಕಣ್ಣಾರೆ ಕಂಡದ್ದಕ್ಕಿಂತ ಜಾಸ್ತಿ.

ಅಕ್ಕನ ಹಾಳೆಯಲ್ಲಿ ಮೊದಲ ಭಾಗಕ್ಕೆ ಬಂದದ್ದು ಸೊನ್ನೆ. ಯಾರೂ ಏನೂ ಅಂದಿಲ್ಲ, ಯಾರೂ ಹೊರಗೆ ಹಾಕಿಲ್ಲ, ಯಾರೂ ದೂರ ಕೂರಿಸಿಲ್ಲ. ಕಂಪ್ಯೂಟರಿಗೆ ಹಾಕಿದರೆ ಇದು ಒಳ್ಳೆಯ ಸುದ್ದಿ. ಆದರೆ ಯಾರೂ ಏನೂ ಅಂದಿಲ್ಲ ಯಾಕೆಂದರೆ ಯಾರಿಗೂ ಗೊತ್ತಿಲ್ಲ. ಗಂಡನಿಗೆ ಗೊತ್ತಿತ್ತು, ಅವರು ತೀರಿಕೊಂಡಿದ್ದಾರೆ. ಅತ್ತೆಗೆ ಬಿಪಿ ಮಾತ್ರೆ ಅಂತ ಹೇಳಿದ್ದಾರೆ. ಎರಡನೇ ಭಾಗಕ್ಕೆ ಬಂದಾಗ ಅಕ್ಕ ತವರೂರಿನ ಒಂದು ಕತೆ ಹೇಳಿದರು. ಇವರು ಇನ್ನೂ ಹುಡುಗಿಯಾಗಿದ್ದಾಗ ನಡೆದದ್ದು. ಒಬ್ಬ ಹೆಂಗಸು ಸತ್ತ ಮೇಲೆ ಅವಳ ಚಾಪೆ, ಸೀರೆ, ತಟ್ಟೆ ಎಲ್ಲ ಹೊತ್ತುಕೊಂಡು ಹೋಗಿ ಊರಾಚೆ ಸುಟ್ಟರಂತೆ. ‘ತಟ್ಟೆ ಸುಡಕ್ಕಾಯ್ತದಾ ಮೇಡಂ? ಸ್ಟೀಲ್ ತಟ್ಟೆ. ಅದು ಕಪ್ಪಗಾಗಿ ಅಲ್ಲೇ ಬಿದ್ದಿತ್ತು. ನಾವು ಸ್ಕೂಲಿಗೆ ಹೋಗ್ವಾಗ ದಿನಾ ನೋಡೀವಿ.’ ಇಪ್ಪತ್ತು ವರ್ಷದಿಂದ ಈ ಅಕ್ಕ ಬದುಕುತ್ತಿರುವುದು ಆ ಕಪ್ಪು ತಟ್ಟೆಯ ಲೆಕ್ಕದಲ್ಲಿ. ಅವರಿಗೆ ಯಾರೂ ಏನೂ ಮಾಡಬೇಕಾಗಿಲ್ಲ. ಮಾಡಿದರೆ ಹೇಗಿರುತ್ತದೆ ಅಂತ ಅವರಿಗೆ ಮೊದಲೇ ಗೊತ್ತು. ಹಾಗಾಗಿ ಯಾರು ಏನು ಮಾಡಿದರೂ ಅದನ್ನು ತಟ್ಟೆ ಕಪ್ಪಾದ ಕಡೆಯಿಂದಲೇ ಓದುತ್ತಾರೆ. ಸಂಶೋಧನೆಯವಳು ಕಾಫಿ ಬೇಡ ಅಂದರೆ ಅದು ಗ್ಯಾಸ್ಟ್ರಿಕ್ ಹೇಗಾಗುತ್ತದೆ?

ಅವರ ಮಾತ್ರೆ ಡಬ್ಬಿಯನ್ನೂ ನೋಡಿದೆ. ಮೂವತ್ತು ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲಿನ ಚೀಟಿಯನ್ನು ಬಿಸಿನೀರಲ್ಲಿ ಅದ್ದಿ ಕಿತ್ತಿದ್ದಾರೆ. ಒಳಗೆ ಹತ್ತಿ ತುರುಕಿದ್ದಾರೆ. ಯಾಕೆ ಅಂತ ಕೇಳಿದ್ದಕ್ಕೆ ಡಬ್ಬಿಯನ್ನು ಕಿವಿ ಹತ್ತಿರ ತಂದು ಅಲ್ಲಾಡಿಸಿ ತೋರಿಸಿದರು. ಹತ್ತಿ ಇಲ್ಲದಿದ್ದರೆ ಗಲಗಲ ಅನ್ನುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರು, ‘ಏನ್ ಮಾತ್ರೆ ಅಷ್ಟೊಂದು?’ ಅಂತ ಕೇಳಿಬಿಟ್ಟರೆ? ಮನೆಯಲ್ಲಿ ಅದು ಇರುವುದು ರಾಗಿ ಡಬ್ಬದ ತಳದಲ್ಲಿ, ಎರಡು ಕವರ್ ಸುತ್ತಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನೀರು ಕುಡಿಯುವ ನೆಪದಲ್ಲಿ ಎದ್ದು ನುಂಗುತ್ತಾರೆ. ಮಂಡ್ಯದಲ್ಲೇ ಮಾತ್ರೆ ಸಿಗುತ್ತದೆ. ಆದರೆ ಅಲ್ಲಿಗೆ ಹೋಗುವುದಿಲ್ಲ, ಊರಿನ ಅರ್ಧ ಜನ ಕಾಯಿಲೆ ಬಿದ್ದರೆ ಬರುವುದು ಅಲ್ಲಿಗೇ. ಬೇರೆ ಜಿಲ್ಲೆಗೆ ಹೋಗುತ್ತಾರೆ. ಮೊದಲು ಬಸ್ ಚಾರ್ಜು ಹೊಂದಿಸಲು ಕೋಳಿ ಮಾರಿದ್ದೂ ಉಂಟಂತೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಆಯಿತು. ಹೆಂಗಸರಿಗೆ ಫ್ರೀ ಬಸ್ ಕೊಟ್ಟದ್ದರ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೇನೆ. ತಮ್ಮ ಊರಿನ ಕಣ್ಣು ತಪ್ಪಿಸಿ ಮಾತ್ರೆ ತರಲು ಹೋಗುವವರಿಗೆ ಅದರಿಂದ ಎಷ್ಟು ಉಪಕಾರವಾಗಿದೆ ಅನ್ನುವ ಮಾತು ಮಾತ್ರ ಎಲ್ಲೂ ಕೇಳಿಲ್ಲ. ಅವರು ಬಂದು ಹೇಳುವುದೂ ಇಲ್ಲವಲ್ಲ.

ಅಜ್ಜಿ ಮನೆ ಗೋಡೆ

ಆ ರಾತ್ರಿ ನಿದ್ದೆ ಬರದೆ ಬಿದ್ದುಕೊಂಡಿದ್ದಾಗ ನೆನಪಾದದ್ದು ಅಜ್ಜಿ ಮನೆ. ಪಾಂಡವಪುರದ ಕಡೆ. ಬೇಸಿಗೆ ರಜೆಗೆ ಹೋಗುತ್ತಿದ್ದೆವು. ದನದ ಕೊಟ್ಟಿಗೆಯ ಹೊರಗೋಡೆಯಲ್ಲಿ ಒಂದು ಗೂಡು. ದೀಪ ಇಡಲು ಮಾಡಿದ ಗೂಡಿನ ಹಾಗೆಯೇ ಇತ್ತು, ಆದರೆ ಅದರಲ್ಲಿ ದೀಪ ಇಟ್ಟಿದ್ದನ್ನು ನಾನು ನೋಡಿಲ್ಲ. ಅಲ್ಲಿ ಒಂದು ಅಲ್ಯುಮಿನಿಯಂ ಲೋಟ ಇರುತ್ತಿತ್ತು, ಅಂಚು ನೆಗ್ಗಿದ್ದು. ಗದ್ದೆ ಕೆಲಸಕ್ಕೆ ಬರುತ್ತಿದ್ದ ಒಬ್ಬರಿಗೆ ಅದು. ಅವರು ಬಂದರೆ ಲೋಟವನ್ನು ತಾವೇ ತೆಗೆದುಕೊಂಡು, ತಾವೇ ತೊಳೆದು, ಜಗಲಿಯ ಕೆಳಗೆ ಹಿಡಿಯುತ್ತಿದ್ದರು. ಅಜ್ಜಿ ಮೇಲಿಂದ ಕಾಫಿ ಹುಯ್ಯುತ್ತಿದ್ದರು. ಎತ್ತರದಿಂದ. ಒಂದು ಹನಿ ಆಚೀಚೆ ಹೋಗುತ್ತಿರಲಿಲ್ಲ, ಅಷ್ಟು ಪಳಗಿದ ಕೈ. ನನ್ನ ಅಜ್ಜಿ ಒಳ್ಳೆಯವರು. ಆ ಕೆಲಸದವರ ಮನೆಯಲ್ಲಿ ಕಷ್ಟ ಅಂತ ಗೊತ್ತಾದರೆ ಸೇರುಗಟ್ಟಲೆ ರಾಗಿ ಅಳೆದು ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಕಾಫಿ ಮಾತ್ರ ಎತ್ತರದಿಂದ.

ಈ ನೆನಪು ಯಾಕೆ ಬಂತು ಅಂತ ಬೆಳಗಿನ ಜಾವದವರೆಗೆ ಯೋಚಿಸಿದೆ. ಎಚ್‌ಐವಿ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ನಲವತ್ತು ವರ್ಷದ ಕಾಯಿಲೆ. ನಮ್ಮ ತರಬೇತಿಗಳಲ್ಲಿ ನಾವು ಹೇಳುವುದೇನು? ಜನರಿಗೆ ಮಾಹಿತಿ ಇಲ್ಲ, ಅದಕ್ಕೆ ಹೆದರುತ್ತಾರೆ, ಹೆದರಿಕೆಯಿಂದ ದೂರ ಇಡುತ್ತಾರೆ, ಮಾಹಿತಿ ಕೊಟ್ಟರೆ ಸರಿಹೋಗುತ್ತದೆ. ಒಂದು ಮಟ್ಟಿಗೆ ಸರಿ. ಆದರೆ ಬೇರೆ ಲೋಟ ಇಡುವುದನ್ನು ಯಾರೂ ಈ ಕಾಯಿಲೆಗಾಗಿ ಹೊಸದಾಗಿ ಕಲಿಯಲಿಲ್ಲ. ಗೂಡು ಮೊದಲೇ ಇತ್ತು. ಲೋಟವೂ ಇತ್ತು. ಎಷ್ಟು ಎತ್ತರದಿಂದ ಹುಯ್ಯಬೇಕು ಅನ್ನುವುದು ಕೈಗೆ ಗೊತ್ತಿತ್ತು. ಕಾಯಿಲೆ ಬಂತು, ಗೂಡಿನಲ್ಲಿ ಅದಕ್ಕೂ ಜಾಗ ಆಯಿತು. ಎಂಜಲು, ಮೈಲಿಗೆ, ಮುಟ್ಟು, ಸೂತಕ ಅಂತ ನಾವು ದಿನವೂ ನೂರು ಸಲ ಕೈ ಹಿಂದಕ್ಕೆ ಎಳೆದುಕೊಳ್ಳುವ ಜನ. ಹತ್ತು ನಿಮಿಷದ ಪ್ರೊಜೆಕ್ಟರ್ ಶೋ ತೋರಿಸಿ, ‘ಜೊತೆಯಲ್ಲಿ ಊಟ ಮಾಡಿದರೆ ಬರುವುದಿಲ್ಲ’ ಅಂದರೆ ಜನ ಒಪ್ಪುತ್ತಾರೆ. ಬಾಯಲ್ಲಿ ಒಪ್ಪುತ್ತಾರೆ. ಕೈಗೆ ಇನ್ನೂ ಯಾರೂ ಹೇಳಿಲ್ಲ.

ಇದು ಗೊತ್ತಿದ್ದವರು ಮೈಸೂರಲ್ಲೇ ಇದ್ದಾರೆ. ಲೈಂಗಿಕ ವೃತ್ತಿಯವರೇ ಕಟ್ಟಿಕೊಂಡ ಆಶೋದಯ ಸಮಿತಿ 2000ದ ದಶಕದಲ್ಲಿ ಇಲ್ಲಿ ಎಚ್‌ಐವಿ ತಡೆಯುವ ಕೆಲಸ ಮಾಡಿ ಹೊರದೇಶದವರೂ ಬಂದು ನೋಡುವ ಹಾಗೆ ಮಾಡಿತು. ಕಾಂಡೋಮ್, ಕ್ಲಿನಿಕ್, ಪೊಲೀಸರ ಜೊತೆ ಮಾತುಕತೆ, ಅದೆಲ್ಲ ವರದಿಗಳಲ್ಲಿದೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಅವರು ಒಂದು ಹೋಟೆಲ್ ತೆರೆದದ್ದು. ಕರಪತ್ರ ಹಂಚುವುದಕ್ಕಿಂತ ಇಡ್ಲಿ ಬಡಿಸುವುದು ಕಷ್ಟದ ಕೆಲಸ. ಕರಪತ್ರ ಓದಿ ಜೇಬಿಗೆ ಹಾಕಿಕೊಳ್ಳಬಹುದು. ಇಡ್ಲಿಯನ್ನು ಬಾಯಿಗೆ ಹಾಕಿಕೊಳ್ಳಬೇಕು.

ಎರಡು ಜೊತೆ ಗ್ಲೌಸು

ಹಳ್ಳಿಯವರನ್ನು ಮಾತ್ರ ಅಂದರೆ ಅನ್ಯಾಯ. ನಾನು ತರಬೇತಿ ಕೊಡಲು ಹೋದ ಒಂದು ಆಸ್ಪತ್ರೆಯಲ್ಲಿ (ಊರು, ಹೆಸರು ಎರಡೂ ಬೇಡ) ಎಚ್‌ಐವಿ ಇರುವವರ ಬಿಪಿ ನೋಡಲು ಎರಡು ಜೊತೆ ಗ್ಲೌಸು ಹಾಕಿಕೊಂಡ ಸಿಸ್ಟರ್ ಒಬ್ಬರನ್ನು ಕಂಡೆ. ಕೇಸ್ ಶೀಟಿನ ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಗುರುತು. ಅದರ ಅರ್ಥ ವಾರ್ಡ್ ಬಾಯ್‌ಗೂ ಗೊತ್ತು, ಊಟ ಹಂಚುವವರಿಗೂ ಗೊತ್ತು, ಪಕ್ಕದ ಬೆಡ್ಡಿನ ರೋಗಿಯ ಭಾಮೈದನಿಗೂ ಗೊತ್ತಾಗಿತ್ತು. 2017ರಲ್ಲಿ ಈ ಬಗ್ಗೆ ಕಾಯ್ದೆಯೇ ಬಂದಿದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ, ಕೆಲಸಕ್ಕೆ ಸೇರಿಸಿಕೊಳ್ಳಲು ಟೆಸ್ಟ್ ಕೇಳುವಂತಿಲ್ಲ, ಚಿಕಿತ್ಸೆ ಕೊಡಲ್ಲ ಅನ್ನುವಂತಿಲ್ಲ. ದೂರು ಕೊಡಲು ಓಂಬುಡ್ಸ್‌ಮನ್ ಇರಬೇಕು ಅಂತಲೂ ಇದೆ. ಕೋರ್ಟಿನಲ್ಲಿ ಬೇರೆ ಹೆಸರು ಬಳಸಲೂ ಅವಕಾಶ ಇದೆ. ಆದರೂ ಹೇಳಿ, ಯಾರಿಗೂ ಗೊತ್ತಾಗಬಾರದು ಅಂತ ಇಪ್ಪತ್ತು ವರ್ಷ ಡಬ್ಬಿಗೆ ಹತ್ತಿ ತುರುಕಿದವರು ದೂರು ಬರೆಯಲು ಯಾರ ಹತ್ತಿರ ಹೋಗಿ ಪೆನ್ನು ಕೇಳುತ್ತಾರೆ?

ಅವತ್ತಿನ ತರಬೇತಿಯಲ್ಲಿ ನಾನು ಲೆಕ್ಕ ಹೇಳಿದೆ. ಎಚ್‌ಐವಿ ಇರುವವರ ರಕ್ತವಿರುವ ಸೂಜಿ ಚುಚ್ಚಿಕೊಂಡರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಬಿ ಆದರೆ, ಲಸಿಕೆ ಹಾಕಿಸಿಕೊಳ್ಳದಿದ್ದರೆ, ನೂರಕ್ಕೆ 30ರವರೆಗೂ ಹೋಗಬಹುದು. ಅದಕ್ಕೆ ಯಾರೂ ಕೆಂಪು ಗುರುತು ಹಾಕಿ ಹೀಗೆ ಓಡಿಹೋಗುವುದಿಲ್ಲ. ಸೂಜಿ ಚುಚ್ಚಿದರೆ ಆದಷ್ಟು ಬೇಗ, ಎರಡು ಗಂಟೆಯೊಳಗಾದರೆ ಒಳ್ಳೆಯದು, 72 ಗಂಟೆ ದಾಟದಂತೆ ಮಾತ್ರೆ ಶುರು ಮಾಡಿದರೆ, 28 ದಿನ ತಗೊಂಡರೆ ಎಚ್‌ಐವಿಯ ಆ ಸಾಧ್ಯತೆಯೂ ಬಹಳ ಇಳಿಯುತ್ತದೆ. ಬಿಪಿ ನೋಡಿದರೆ ಏನೂ ಆಗುವುದಿಲ್ಲ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿತ್ತು, ಅವರು ಓದಿದವರು. ಕೊನೆಗೆ ಒಬ್ಬ ಹಿರಿಯ ಸಿಸ್ಟರ್ ಎದ್ದು ನಿಂತರು. ‘ಮೇಡಂ, ಎಲ್ಲ ಪೇಷೆಂಟಿಗೂ ಒಂದೇ ಥರ ಗ್ಲೌಸ್ ಹಾಕ್ಕೊಳ್ಳಿ ಅಂತೀರಿ. ಸರಿ. ತಿಂಗಳ ಕೊನೇಲಿ ನನ್ನ ವಾರ್ಡಲ್ಲಿ ನಾಲ್ಕು ಜೊತೆ ಉಳಿದಿರುತ್ತೆ. ನಲವತ್ತು ಬೆಡ್ ಇದೆ. ಯಾರಿಗೆ ಹಾಕ್ಕೊಳ್ಳಲಿ, ನೀವೇ ಹೇಳಿ.’

ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅವತ್ತಿಂದ ನಾನು ತರಬೇತಿಗೆ ಹೋದ ಕಡೆ ಮೊದಲು ಸ್ಟೋರ್ಸಿಗೆ ಹೋಗಿ ಏನೇನು ಬೇಕು ಅಂತ ಬರೆದು ಕೇಳುವ ಇಂಡೆಂಟ್ ಪುಸ್ತಕ ಕೇಳುತ್ತೇನೆ. ಗ್ಲೌಸು ಸಾಕಷ್ಟು ಬರದ ಕಡೆ ಕೆಂಪು ಪೆನ್ನು ಬಂದೇ ಬರುತ್ತದೆ. ಮನಸ್ಸು ಬದಲಿಸುವ ಮಾತು ಆಮೇಲೆ. ಆ ಸಿಸ್ಟರ್ ಊಟದ ಹೊತ್ತಿಗೆ ನನ್ನ ಪಕ್ಕ ಬಂದು ಕೂತು, ಬುತ್ತಿಯಿಂದ ಅರ್ಧ ಚಪಾತಿ ಮುರಿದು ಕೊಟ್ಟರು. ‘ನಮಗೂ ಮನೇಲಿ ಮಕ್ಕಳಿದಾರೆ ಮೇಡಂ, ಭಯ ಆಗುತ್ತೆ, ಸುಮ್ನೆ ಯಾಕೆ ಸುಳ್ಳು ಹೇಳಲಿ’ ಅಂದರು. ಐದು ವರ್ಷದಲ್ಲಿ ನನ್ನ ಪ್ರಶ್ನಾವಳಿಗೆ ಬಂದ ಉತ್ತರಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ. ದುಃಖ ಏನೆಂದರೆ, ಪ್ರಶ್ನಾವಳಿಯಲ್ಲಿ ಇದನ್ನು ಬರೆಯಲು ಕಾಲಂ ಇರಲಿಲ್ಲ.

ಕಳಂಕ ಅಂದರೆ ಯಾರಿಗೆ ಗೊತ್ತು?

ನಮ್ಮ ಬ್ಯಾನರುಗಳಲ್ಲಿ ‘ಕಳಂಕ ಮತ್ತು ತಾರತಮ್ಯ’ ಅಂತ ಬರೆಯುತ್ತೇವೆ. ಮಂಡ್ಯದ ಹಳ್ಳಿಯಲ್ಲಿ ಯಾರ ಬಾಯಲ್ಲೂ ನಾನು ಕಳಂಕ ಅನ್ನುವ ಪದ ಕೇಳಿಲ್ಲ. ಚಂದ್ರನಿಗೆ ಇರುವುದು ಕಳಂಕ. ಇಲ್ಲಿ ಇರುವುದು ‘ಮಾನ ಹೋಯ್ತದೆ’, ‘ನಾಲ್ಕ್ ಜನ ಏನಂದಾರು’, ‘ಮಗಳ ಮದ್ವೆ ಆಗ್ಬೇಕಲ್ಲ’. ಕಾಯಿಲೆಯ ಹೆಸರೂ ಯಾರೂ ಹೇಳುವುದಿಲ್ಲ. ‘ಆ ಕಾಯಿಲೆ’. ಕೆಲವರು ‘ಅದು’ ಅಷ್ಟೇ. ನಾವು ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದಾಗ ಎಂಟು ಜನ ಕೂತು ಎರಡು ದಿನ ಜಗಳ ಆಡಿದ್ದೇವೆ. ಕೊನೆಗೆ ‘ಕಳಂಕ’ ಇರುವ ವಾಕ್ಯವನ್ನೆಲ್ಲ ತೆಗೆದು, ‘ನಾಲ್ಕು ಜನರ ಮುಂದೆ’ ಅಂತ ಹಾಕಿದೆವು. ಉತ್ತರಗಳು ಉದ್ದವಾದವು.

ವಿಚಿತ್ರ ಅಂದರೆ, ಕಾಯಿಲೆಯನ್ನು ಹೆಸರಿಟ್ಟು ಕರೆಯುವ ಒಂದು ಒಳ್ಳೆಯ ದಾರಿ ನಮ್ಮಲ್ಲೇ ಇದೆ. ಸಿಡುಬು ಬಂದರೆ ‘ಅಮ್ಮ ಬಂದಿದಾಳೆ’ ಅನ್ನುತ್ತಿದ್ದರು. ಪ್ಲೇಗಿಗೆ ಪ್ಲೇಗಮ್ಮ. ಅಮ್ಮ ಬಂದ ಮನೆಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ದೂರವೂ ಇರುತ್ತಾರೆ, ಆದರೆ ‘ನೀನೇನು ಮಾಡಿದೆ’ ಅಂತ ರೋಗಿಯನ್ನು ಕೇಳುವುದಿಲ್ಲ. ಬಂದವಳು ಅವಳು, ಹೋಗುವವಳೂ ಅವಳೇ. ಈ ದಾರಿಯನ್ನು ಎಚ್‌ಐವಿಗೂ ಹಿಡಿದವರು ಒಬ್ಬರು ಇದ್ದರು. 1990ರ ದಶಕದ ಕೊನೆ ಹೊತ್ತಿಗೆ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಒಬ್ಬ ಶಾಲಾ ಮೇಷ್ಟ್ರು ಏಡ್ಸಮ್ಮನ ಗುಡಿ ಕಟ್ಟಿಸಿದರು. ದೇಶವಿದೇಶದ ಪ್ರೊಫೆಸರುಗಳು ಅದರ ಬಗ್ಗೆ ಬರೆದರು. ಕೆಲವರು ಮೂಢನಂಬಿಕೆ ಅಂತ ನಕ್ಕರು. ನನಗೆ ನಗು ಬರುವುದಿಲ್ಲ. ಆ ಕಾಲದಲ್ಲಿ ನಮ್ಮ ಇಲಾಖೆಗಳ ಗೋಡೆಗಳ ಮೇಲೆ ಇದ್ದದ್ದು ತಲೆಬುರುಡೆ ಚಿತ್ರ. ಬುರುಡೆಗಿಂತ ಅಮ್ಮ ವಾಸಿ ಅಲ್ವಾ? ಹೆದರಿಕೆಯನ್ನು ಊರಿಗೆ ತಂದು ಹಂಚಿದವರಲ್ಲಿ ನಮ್ಮವರೂ ಇದ್ದೇವೆ. ಈಗ ಅದೇ ಹೆದರಿಕೆಯನ್ನು ಅಳೆಯಲು ಪ್ರಾಜೆಕ್ಟ್ ತಂದಿದ್ದೇವೆ.

ಇನ್ನೊಂದು ಮೈಸೂರಿನದೇ. ಕೆಆರ್‌ಎಸ್ ರಸ್ತೆಯಲ್ಲಿ ಪಿಕೆಟಿಬಿ ಆಸ್ಪತ್ರೆ ಇದೆ. ಬಸ್ ಸ್ಟಾಪಿಗೂ ಅದೇ ಹೆಸರು. ಪಿ.ಕೆ. ಅಂದರೆ ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ, ನಾಲ್ವಡಿಯವರ ಸೋದರಿ. ಅವರು ಕ್ಷಯದಿಂದ ತೀರಿಕೊಂಡರು, ಅವರ ಹೆಣ್ಣುಮಕ್ಕಳೂ ಅದರಿಂದಲೇ. ಕ್ಷಯ ಅಂದರೆ ಹೆಣ್ಣು ಕೊಡದ, ಹೆಣ್ಣು ತರದ ಕಾಲ ಅದು. ಆ ಕಾಲದಲ್ಲಿ ಅರಮನೆಯವರು, ನಮ್ಮ ಮನೆ ಮಗಳು ಈ ಕಾಯಿಲೆಯಿಂದ ಹೋದಳು ಅಂತ ಆಸ್ಪತ್ರೆಗೆ ಹೆಸರಿಟ್ಟು ಕಲ್ಲಿನಲ್ಲಿ ಕೆತ್ತಿಸಿದರು. ಅರಮನೆಗೆ ಅದು ಆಗುತ್ತದೆ, ಮಗಳ ಮದುವೆಯ ಚಿಂತೆಯಲ್ಲಿರುವ ಮಂಡ್ಯದ ಮನೆಗೆ ಆಗುವುದಿಲ್ಲ, ಅದೂ ನಿಜ. ಆದರೂ ಆ ರಸ್ತೆಯಲ್ಲಿ ಹೋಗುವಾಗಲೆಲ್ಲ ಬೋರ್ಡ್ ನೋಡುತ್ತೇನೆ.

ಮತ್ತೆ ಅದೇ ಊರು

ಔಷಧಿ ಮಾತ್ರ ತನ್ನ ಪಾಡಿಗೆ ಮುಂದೆ ಹೋಗಿದೆ. 2004ರ ಏಪ್ರಿಲ್ 1ರಂದು ಸರ್ಕಾರ ಉಚಿತ ಎ.ಆರ್.ಟಿ., ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಶುರು ಮಾಡಿದಾಗ ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಆಗಿನ ಮಾತ್ರೆಗಳಲ್ಲಿ ಸ್ಟಾವುಡಿನ್ ಅಂತ ಒಂದು. ಜೀವ ಉಳಿಸುತ್ತಿತ್ತು, ಆದರೆ ವರ್ಷಗಟ್ಟಲೆ ತಗೊಂಡರೆ ಕೆನ್ನೆಯ ಕೊಬ್ಬು ಕರಗಿ ಮುಖ ಒಳಗೆ ಹೋಗುತ್ತಿತ್ತು. ಡಬ್ಬಿ ಮುಚ್ಚಿಟ್ಟರೂ ಮುಖ ಹೇಳಿಬಿಡುತ್ತಿತ್ತು. ಅದನ್ನು ಕೈಬಿಟ್ಟು ಬಹಳ ವರ್ಷ ಆಯಿತು. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಅದರಲ್ಲಿ ಮೂರು ಔಷಧಿ. 2017ರಿಂದ ಸಿಡಿ ಫೋರ್ (ರಕ್ತದಲ್ಲಿ ರೋಗದ ವಿರುದ್ಧ ಕಾಯುವ ಕಣಗಳ ಲೆಕ್ಕ) ಎಷ್ಟೇ ಇರಲಿ, ಪಾಸಿಟಿವ್ ಅಂದ ಕೂಡಲೇ ಮಾತ್ರೆ. ಸರಿಯಾಗಿ ನುಂಗಿ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪತ್ತೆಯಾಗದ ಹಾಗೆ ಇಳಿದರೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಹರಡುವುದಿಲ್ಲ ಅಂತ 2016ರಲ್ಲಿ ಒಂದು, 2019ರಲ್ಲಿ ಇನ್ನೊಂದು ದೊಡ್ಡ ಅಧ್ಯಯನ ತೋರಿಸಿದೆ. ಅಕ್ಕನ ರಿಪೋರ್ಟೂ ಹಾಗೇ ಬಂದಿದೆ. ‘ಟಿಎನ್‌ಡಿ ಬಂದೈತೆ’ (ಟಾರ್ಗೆಟ್ ನಾಟ್ ಡಿಟೆಕ್ಟೆಡ್, ವೈರಸ್ ಪತ್ತೆಯಾಗಿಲ್ಲ) ಅಂತ ಅವರೇ ಹೇಳಿದ್ದರು, ಪಿಯುಸಿ ರಿಸಲ್ಟ್ ಹೇಳುವ ಥರ. ಆಮೇಲೆ, ‘ಯಾರಿಗ್ ಹೇಳನ ಮೇಡಂ ಇದ್ನ?’ ಅಂದರು. ಪಾಸಾದ ಸುದ್ದಿ ಹೇಳಲು ಪರೀಕ್ಷೆಗೆ ಕೂತದ್ದನ್ನು ಮೊದಲು ಹೇಳಬೇಕಲ್ಲ.

ನಾಲ್ಕು ತಿಂಗಳ ನಂತರ ಎರಡನೇ ಸುತ್ತಿನ ಮಾತುಕತೆಗೆ ಮತ್ತೆ ಹೋದೆ. ಶ್ರಾವಣ. ಬೆಳಗ್ಗೆಯಿಂದ ಬೇಕಂತಲೇ ಒಂದು ಹನಿ ಕಾಫಿ ಕುಡಿದಿರಲಿಲ್ಲ. ಫೋನ್ ಮಾಡಿ ಬಂದಿದ್ದರೂ ಬಾಗಿಲಲ್ಲಿ ಅಕ್ಕನ ಮುಖ ಬೇರೆಯಾಗಿತ್ತು. ಒಳಗೆ ಅವರ ತಂಗಿ ಬಂದು ಕೂತಿದ್ದಾರೆ, ಹೇಳದೆ ಕೇಳದೆ, ಹಬ್ಬಕ್ಕೆ ಅಕ್ಕನನ್ನು ಕರೆಯಲು. ಅಕ್ಕ ಒಂದು ಕ್ಷಣವೂ ತಡಮಾಡಲಿಲ್ಲ. ‘ಬನ್ನಿ ಬನ್ನಿ, ನಮ್ ಸಂಘದ ಮೇಡಂ’ ಅಂದುಬಿಟ್ಟರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಸಂಘದ ಮೇಡಂ ಆಗಿ ಕೂತೆ. ತಂಗಿ ಹುಷಾರಿ. ‘ಬಡ್ಡಿ ಎಷ್ಟು ಮೇಡಂ ನಿಮ್ ಸಂಘದಲ್ಲಿ?’ ಅಂದರು. ಎರಡು ರೂಪಾಯಿ ಅಂದೆ. ‘ನಮ್ಮೂರಲ್ಲಿ ಒಂದೂವರೆ’ ಅಂದರು. ಕಂತು ವಾರಕ್ಕೋ ತಿಂಗಳಿಗೋ ಅಂದರು. ಅಕ್ಕ ಅಡುಗೆಮನೆಯಿಂದಲೇ, ‘ವಾರಕ್ಕೆ’ ಅಂತ ಕೂಗಿದರು. ನಾನು ಬ್ಯಾಗಿನಲ್ಲಿದ್ದ ಪ್ರಶ್ನಾವಳಿ ಹೊರಗೆ ಕಾಣದ ಹಾಗೆ ತೊಡೆಯ ಕೆಳಗೆ ಒತ್ತಿ ಹಿಡಿದಿದ್ದೆ. ಕೈ ಬೆವೆತಿತ್ತು.

ಕಾಫಿ ಬಂತು. ಒಂದೇ ಥರದ ಮೂರು ಸ್ಟೀಲ್ ಲೋಟ, ಒಂದು ತಟ್ಟೆಯಲ್ಲಿ. ಸಕ್ಕರೆ ಜಾಸ್ತಿ, ಡಿಕಾಕ್ಷನ್ ಕಡಿಮೆ. ಪೂರ್ತಿ ಕುಡಿದೆ. ಅಕ್ಕ ನನ್ನ ಲೋಟದ ತಳವನ್ನೇ ನೋಡುತ್ತಿದ್ದರು. ತಂಗಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ‘ಅದ್ಸರಿ ಮೇಡಂ, ಹೊರಗಿನೂರೋರ್ನೂ ಸೇರಿಸ್ಕೋತೀರಾ?’ ಅಂತ ಕೇಳಿದರು.